ಕರೆಂಟ್ ಕಂಪನಿಯ ಷೇರು ಒಂದಕ್ಕೆ ಐದಾದ ವರ್ಷ

ಷೇರು ದಲ್ಲಾಳಿ ಕಚೇರಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಆಗೀಗ ರಾಜಾಜಿನಗರದ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, "ಮೇಡಂ, ಮಾರ್ಕೆಟ್ ಹೇಗೆ ಕಲಿಯೋದು?" ಎಂದು ಕೇಳುತ್ತಾರೆ. ಮಾರ್ಕೆಟ್ ಕಲಿಸುವುದಕ್ಕೆ ಅವರ ಫೋನಿನಲ್ಲೇ ನೂರು ಜನ ಕೂಗಾಡುತ್ತಿದ್ದಾರೆ, ನಾನು ಬೇರೆ ಯಾಕೆ? ನನಗೆ ಗೊತ್ತಿರುವುದು ಕೌಂಟರಿನ ಆಚೆ ಬದಿ ನಿಲ್ಲುವ ಜನ. ಅವರ ಬಗ್ಗೆ ಬೇಕಾದರೆ ಕೇಳಿ, ಇನ್ನೊಂದು ಲೋಟ ಕಾಫಿಯೂ ಸಿಗುತ್ತದೆ.

ನಾನು ಇಂಥ ಕಚೇರಿಗೆ ಸೇರಿದಾಗ ಷೇರು ಎಂದರೆ ಕಾಗದ. ಬಣ್ಣದ ಅಂಚಿನ, ದಪ್ಪನೆಯ, ಮದುವೆ ಕರೆಯೋಲೆಯ ಹಾಗಿದ್ದ ಕಾಗದ. ಜನ ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಇಡುತ್ತಿದ್ದರು. ವರಮಹಾಲಕ್ಷ್ಮಿ ಹಬ್ಬ ಮುಗಿದ ಮರುವಾರ ನನಗೆ ಗ್ರಹಚಾರ. ಬಂದ ಅರ್ಧದಷ್ಟು ಕಾಗದಗಳ ಮೇಲೆ ಅರಿಶಿನ, ಕುಂಕುಮ, ಮೇಲೊಂದು ಅಕ್ಷತೆ. ಮುಂಬಯಿಯಿಂದ ಕಂಪನಿಯವರು "ನಂಬರು ಕಾಣುತ್ತಿಲ್ಲ" ಎಂದು ವಾಪಸು ಕಳಿಸುತ್ತಿದ್ದರು. ವಿಜಯನಗರದ ಒಬ್ಬರು ಅಜ್ಜಿಗೆ ಇದನ್ನು ಹೇಳಿದರೆ, "ಲಕ್ಷ್ಮಿನ ಕಂಡ್ರೆ ಅವರಿಗೇನಮ್ಮ ಸಂಕಟ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಆಮೇಲೆ ಡಿಮ್ಯಾಟ್ ಬಂತು, ಕಾಗದ ಹೋಯಿತು, ಎಲ್ಲವೂ ಕಂಪ್ಯೂಟರಿನೊಳಗೆ ಸೇರಿಕೊಂಡಿತು. ಹಬ್ಬಕ್ಕೆ ಏನಿಟ್ಟು ಪೂಜೆ ಮಾಡುವುದು ಎಂಬ ಪ್ರಶ್ನೆಗೆ ಮಾತ್ರ ನಮ್ಮ ಕಚೇರಿಯಲ್ಲಿ ಉತ್ತರವಿರಲಿಲ್ಲ.

ನನ್ನ ಮೇಲಿನವರ ಪೈಕಿ ಮರೆಯಲಾಗದವರು ಮ್ಯಾನೇಜರ್ ಶ್ರೀಧರ್ ಸಾರ್. ಒಳ್ಳೆಯ ಮನುಷ್ಯ, ಆದರೆ ಸುಲಭದ ವಿಷಯವನ್ನು ಕಷ್ಟ ಮಾಡಿ ಹೇಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನಮ್ಮ ಗಿರಾಕಿಗಳಲ್ಲಿ ಬಹಳ ಮಂದಿ ಹಿಡಿದಿಟ್ಟುಕೊಂಡಿದ್ದ ಒಂದು ವಿದ್ಯುತ್ ಕಂಪನಿ ಇತ್ತು. ನಮ್ಮ ಕಡೆ ಎಲ್ಲರೂ ಅದನ್ನು ಕರೆಂಟ್ ಕಂಪನಿ ಎಂದೇ ಕರೆಯುತ್ತಿದ್ದರು. ಆ ಕಂಪನಿ ತನ್ನ ಹತ್ತು ರೂಪಾಯಿ ಮುಖಬೆಲೆಯ ಷೇರನ್ನು ಒಡೆದು ಎರಡು ರೂಪಾಯಿಯ ಐದು ಷೇರು ಮಾಡುತ್ತೇನೆ ಎಂದು ಪ್ರಕಟಿಸಿತು. ಷೇರುಪೇಟೆಯ ಭಾಷೆಯಲ್ಲಿ ಸ್ಪ್ಲಿಟ್. ಶ್ರೀಧರ್ ಸಾರ್ ಖುಷಿಯಿಂದ ಗಿರಾಕಿಗಳಿಗೆಲ್ಲ ಮೈಸೂರು ಪಾಕು ತರಿಸಿದರು. ಒಡೆದ ದಿನ ಬೆಳಗ್ಗೆ ಪೇಟೆ ತೆರೆಯಿತು. ಷೇರು ಐದಾಗುವುದರಿಂದ ಒಂದರ ಬೆಲೆ ಐದನೇ ಒಂದು ಭಾಗಕ್ಕೆ ಇಳಿದಿತ್ತು. ಇಳಿಯಲೇಬೇಕು, ಅದೇ ಲೆಕ್ಕ. ಆದರೆ ಹೊಸ ಷೇರುಗಳು ಖಾತೆಗೆ ಬರುವುದು ಒಂದೆರಡು ದಿನ ತಡ. ಜನ ನೋಡಿದ್ದು ಹಳೆಯ ಸಂಖ್ಯೆ, ಹೊಸ ಬೆಲೆ. ಬಾಗಿಲಲ್ಲಿ ನಿಂತು ಮೈಸೂರು ಪಾಕು ಹಂಚುತ್ತಿದ್ದ ಶ್ರೀಧರ್ ಸಾರ್ ಮುಖವನ್ನು ಅವರೆಲ್ಲ ನೋಡಿದ ರೀತಿ ನನಗೆ ಇನ್ನೂ ನೆನಪಿದೆ.

ಬಸವೇಶ್ವರನಗರದ ನಿವೃತ್ತ ಮೇಷ್ಟ್ರು ನಂಜುಂಡಯ್ಯನವರು ಆ ದಿನ ಯಾರ ಮಾತೂ ಕೇಳಲಿಲ್ಲ. "ಇಷ್ಟಾದ್ರೂ ಉಳೀಲಿ, ಮಾರಮ್ಮ" ಎಂದು ಹಟ ಹಿಡಿದು ಇದ್ದಷ್ಟೂ ಮಾರಿಸಿದರು. ನಾನು ಕೈಮುಗಿದು ವಿವರಿಸಿದೆ, ಶ್ರೀಧರ್ ಸಾರ್ ಇಂಗ್ಲಿಷಿನಲ್ಲಿ ವಿವರಿಸಿದರು. ಊಹ್ಞೂಂ. ವಾರ ಕಳೆದು ಅವರು ಮುಖವನ್ನು ಬೂದುಗುಂಬಳಕಾಯಿಯಷ್ಟು ಅರಳಿಸಿಕೊಂಡು ಬಂದರು. ಮಾರಿದ್ದಕ್ಕಿಂತ ನಾಲ್ಕು ಪಟ್ಟು ಷೇರು ಅವರ ಖಾತೆಯಲ್ಲಿ ಕೂತಿತ್ತು. "ನಂಜನಗೂಡಿಗೆ ಹರಕೆ ಹೊತ್ತಿದ್ದೆ, ಫಲಿಸ್ತು ನೋಡು" ಎಂದರು. ನಾನು ಮತ್ತೆ ವಿವರಿಸಲು ಹೋಗಲಿಲ್ಲ. ಉಳಿದಿದ್ದನ್ನು ಅವರು ಇಂದಿಗೂ ಮಾರಿಲ್ಲವಂತೆ, ದೇವರು ಕೊಟ್ಟಿದ್ದಲ್ಲವೇ.

ಹೊಸಬರು ಇಷ್ಟು ತಿಳಿದಿರಿ. ವರ್ಷಗಟ್ಟಲೆ ಷೇರು ಇಟ್ಟುಕೊಂಡವರಿಗೆ ಸ್ಪ್ಲಿಟ್ಟಿನಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಸಂಖ್ಯೆ ಹೆಚ್ಚುತ್ತದೆ, ಬೆಲೆ ಅದೇ ಲೆಕ್ಕದಲ್ಲಿ ತಗ್ಗುತ್ತದೆ, ಒಂದೊಂದು ಷೇರಿಗೆ ಕಂಪನಿ ಹಂಚುವ ಲಾಭದ ಪಾಲು, ಡಿವಿಡೆಂಡು, ಅದೂ ಹಾಗೇ ತಗ್ಗುತ್ತದೆ. ಮಗಳ ಫೀಸಿಗೋ ಮನೆಗೆ ಸುಣ್ಣ ಬಳಿಸಲೋ ಸ್ವಲ್ಪವೇ ಮಾರಬೇಕೆಂದರೆ ಅನುಕೂಲ, ಅಷ್ಟೆ. ಪುಸ್ತಕದಲ್ಲಿ ಇರುವುದು ಇದೇ, ತರಬೇತಿಯಲ್ಲಿ ಹೇಳುವುದೂ ಇದೇ. ನಾನೂ ಹಾಗೇ ನಂಬಿದ್ದೆ, ಸರೋಜಮ್ಮ ಬರುವ ತನಕ.

ಸರೋಜಮ್ಮ ಕಾಮಾಕ್ಷಿಪಾಳ್ಯದಲ್ಲಿ ಎರಡು ಮಿಷನ್ ಇಟ್ಟುಕೊಂಡು ಬ್ಲೌಸು, ಶಾಲೆ ಯೂನಿಫಾರಂ ಹೊಲಿಯುತ್ತಿದ್ದ ಹೆಂಗಸು. ತವರು ಕೆಂಗೇರಿ. ಒಂದು ದಿನ ಊಟದ ಹೊತ್ತಿಗೆ ಬಂದು ನನ್ನ ಮುಂದೆ ಕೂತಳು.

"ಮೇಡಂ, ಅಪ್ಪ ಕೊಟ್ಟ ಕರೆಂಟ್ ಕಂಪನಿ ಷೇರು ಮಾರ್ಬಿಡ್ಬೇಕು."

"ಯಾಕಮ್ಮ, ಒಳ್ಳೆ ಕಂಪನಿ ಅದು."

"ಎಲ್ಲಿ ಒಳ್ಳೇದು? ಮುಳುಗ್ತಾ ಇದೆ. ಮೊದ್ಲು ಅಣ್ಣ ಗೌರಿ ಹಬ್ಬಕ್ಕೆ ಬಾಗಿನ ತರೋವಾಗ ಡಿವಿಡೆಂಡ್ ದುಡ್ಡೂ ಮೊರದಲ್ಲೇ ಇಟ್ಟು ಕೊಡೋನು. ಒಂದು ಒಳ್ಳೆ ಸೀರೆ ಬರೋದು. ಈಗ ಷೇರು ನನ್ ಹೆಸರಿಗೆ ಮಾಡ್ಕೊಟ್ಟಿದಾನೆ, ದುಡ್ಡು ಸೀದಾ ನನ್ ಬ್ಯಾಂಕಿಗೇ ಬರುತ್ತೆ. ಅದ್ರಲ್ಲಿ ಲೈನಿಂಗ್ ಬಟ್ಟೆನೂ ಬರಲ್ಲ."

ಖಾತೆ ತೆಗೆದು ನೋಡಿದೆ. ನೂರು ಷೇರು. ಅಣ್ಣನ ಖಾತೆಯಿಂದ ಅವಳ ಖಾತೆಗೆ ಬಂದಿದ್ದು ಸ್ಪ್ಲಿಟ್ ಆದ ಮೇಲೆ. ಕೌಂಟರಿನ ಹುಡುಗರು ಯಾರೋ ಅವನು ಹೇಳಿದಂತೆ ವರ್ಗಾವಣೆ ಮಾಡಿಕೊಟ್ಟಿದ್ದರು. "ಅಪ್ಪ ಯಾವಾಗಮ್ಮ ಇದನ್ನ ಕೊಟ್ಟಿದ್ದು?" ಎಂದು ಕೇಳಿದೆ.

ಅವಳು ಹೇಳಿದ ಕಥೆ ಇದು. ಸೊಸೈಟಿ ಬಡಾವಣೆಗೆ ಜಮೀನು ಹೋದಾಗ ಬಂದ ದುಡ್ಡಿನಲ್ಲಿ ಅವಳಪ್ಪ ಆ ಕಂಪನಿಯ ಐನೂರು ಷೇರು ಕೊಂಡಿದ್ದರು. ಕೊನೆಗಾಲದಲ್ಲಿ ಹಿರಿಯರನ್ನು ಕೂರಿಸಿ ಪಾಲು ಮಾಡಿದರು. ಉಳಿದ ಜಮೀನಿನಲ್ಲಿ ಹಕ್ಕಿಲ್ಲವೆಂದು ಸರೋಜಮ್ಮ ಸಹಿ ಹಾಕಿದಳು, ಅವರ ಕಡೆ ಹೆಣ್ಣುಮಕ್ಕಳು ಹಾಕುವುದೇ ವಾಡಿಕೆ. ಅದಕ್ಕೆ ಬದಲಾಗಿ ಅಪ್ಪ, "ಷೇರಲ್ಲಿ ನೂರು ನನ್ ಮಗಳಿಗೆ, ಅರಿಶಿನ ಕುಂಕುಮಕ್ಕೆ" ಎಂದರು. ಆ ಮನೆಯಲ್ಲಿ ಏನು ಕೊಡುವುದಿದ್ದರೂ ಎಣಿಸಿ ಹೇಳುವುದು ರೂಢಿ. ಇಷ್ಟು ತೆಂಗಿನಮರ, ಇಷ್ಟು ಕುರಿ. ಹಿರಿಯರ ಮುಂದೆ ಆಡಿದ ಸಂಖ್ಯೆ ಎಂದರೆ ಅದೇ ಮಾತು, ಒಂದು ಕಡಿಮೆ ಇಲ್ಲ, ಒಂದು ಜಾಸ್ತಿ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಐನೂರೂ ಅಣ್ಣನ ಖಾತೆಗೆ ಬಂತು. ಅವನು ತಪ್ಪದೆ ತಂಗಿಯ ನೂರರ ಡಿವಿಡೆಂಡ್ ಕೊಡುತ್ತಿದ್ದ. ಷೇರು ಒಡೆದು ಐನೂರು ಎರಡೂವರೆ ಸಾವಿರವಾಯಿತು. ಆಮೇಲೆ ಒಂದು ದಿನ ಅಪ್ಪನ ಮಾತು ನಡೆಸಿಬಿಡೋಣ ಎಂದು ತಂಗಿಗೆ ಖಾತೆ ಮಾಡಿಸಿ, ಎಣಿಸಿ ನೂರು ಕೊಟ್ಟ.

ಅಂದರೆ ಐನೂರು ಬರಬೇಕಾದ ಕಡೆ ನೂರು ಬಂದಿದೆ.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಒಬ್ಬ ಗಿರಾಕಿಯ ಖಾತೆಯ ವಿಷಯವನ್ನು ಇನ್ನೊಬ್ಬರ ಹತ್ತಿರ ಬಾಯಿ ಬಿಡುವ ಹಾಗಿಲ್ಲ, ಗಂಡ ಹೆಂಡತಿಯಾದರೂ ಸರಿ, ಅಣ್ಣ ತಂಗಿಯಾದರೂ ಸರಿ. ಹಾಗಾಗಿ ಅಣ್ಣನ ಸುದ್ದಿ ಎತ್ತದೆ ಸ್ಪ್ಲಿಟ್ ಎಂದರೇನು ಎಂದಷ್ಟೇ ಹೇಳಿದೆ. ಅವಳು ಮೇಜಿನ ಮೇಲೆ ಬೆರಳಲ್ಲಿ ಏನೋ ಅಳೆಯುತ್ತಾ ಕೇಳಿಸಿಕೊಂಡಳು.

"ಒಂದು ಥಾನು ಕೊಡ್ತೀನಿ ಅಂತ ಹೇಳಿ, ಥಾನು ಕತ್ತರಿಸಿದ್ಮೇಲೆ ಅದ್ರಲ್ಲಿ ಒಂದು ತುಂಡು ಕೊಟ್ಟಂಗಾಯ್ತು" ಎಂದಳು. ಆಮೇಲೆ, "ಅಣ್ಣಂಗೆ ಇದು ಗೊತ್ತಿದ್ಯಾ ಮೇಡಂ?" ಎಂದು ಕೇಳಿದಳು.

"ನನಗೆ ಗೊತ್ತಿಲ್ಲಮ್ಮ. ನೀನೇ ಕೇಳು."

"ಕೇಳಲ್ಲ."

"ಯಾಕೆ? ನಿನ್ನಪ್ಪ ಕೊಟ್ಟಿದ್ದು ತಾನೆ?"

"ನಮ್ ಚಿಕ್ಕಪ್ಪನ ಮಗಳು ಕೇಳಿದ್ಲು ಮೇಡಂ. ಕೋರ್ಟಿಗೆ ಹೋಗಿ ಗೆದ್ದೂ ಗೆದ್ಲು. ಈಗ ಗೌರಿ ಹಬ್ಬ ಬಂದ್ರೆ ಮೊರ ತಾನೇ ಕೊಂಡ್ಕೊಂಡು, ಬಳೆ ತಾನೇ ಕೊಂಡ್ಕೊಂಡು, ತವರಿಂದ ಬಂತು ಅಂತ ಅಕ್ಕಪಕ್ಕದೋರಿಗೆ ತೋರಿಸ್ತಾಳೆ. ನನಗಿರೋದು ಒಬ್ನೇ ಅಣ್ಣ. ಕೇಳಿ ಇಸ್ಕೊಂಡ್ರೆ ಅದು ಅರಿಶಿನ ಕುಂಕುಮ ಹೆಂಗಾಗುತ್ತೆ?" ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. "ಕಂಪನಿ ಮುಳುಗಿಲ್ಲ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು. ಮಾರೋದು ಬೇಡ. ಅಣ್ಣನ ಹತ್ರ ಏನೂ ಹೇಳ್ಬೇಡಿ, ನಿಮ್ ಕಾಲಿಗೆ ಬೀಳ್ತೀನಿ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳ ಮೇಲೋ, ಅವಳ ಅಣ್ಣನ ಮೇಲೋ, ಆ ಹಿರಿಯರ ಮೇಲೋ ತಿಳಿಯಲಿಲ್ಲ. ನನಗೂ ತವರಿದೆ, ಗೌರಿ ಹಬ್ಬದ ಬೆಳಗ್ಗೆ ಬಾಗಿಲ ಕಡೆ ಎಷ್ಟು ಸಲ ಕಣ್ಣು ಹೋಗುತ್ತದೆ ಎಂದು ನನಗೂ ಗೊತ್ತು. ಆ ದಿನ ತಂದಿದ್ದ ಚಿತ್ರಾನ್ನವನ್ನು ಹಾಗೇ ಮನೆಗೆ ವಾಪಸು ಒಯ್ದೆ.

ಅಣ್ಣ ಹನುಮಂತೇಗೌಡರು ನನಗೆ ಅಪರಿಚಿತರೇನಲ್ಲ. ಕೆಂಗೇರಿಯಲ್ಲಿ ಸಿಮೆಂಟು, ಜಲ್ಲಿ ವ್ಯಾಪಾರ. ಮಾತು ಒರಟು, ಆದರೆ ಕೊಟ್ಟ ಮಾತಿಗೆ ತಪ್ಪುವ ಆಸಾಮಿಯಲ್ಲ. ಬೇಕೆಂದು ತಂಗಿಗೆ ಮೋಸ ಮಾಡಿರುತ್ತಾರೆ ಎಂದು ನನಗೆ ಅನ್ನಿಸಲಿಲ್ಲ. ಅವರಿಗೆ ತಿಳಿಯಬೇಕು, ಆದರೆ ನಾನು ಹೇಳಬಾರದು. ಎರಡು ದಿನ ಇದನ್ನೇ ಯೋಚಿಸಿದೆ.

ದಾರಿ ಸಿಕ್ಕಿದ್ದು ಶ್ರೀಧರ್ ಸಾರ್ ಅವರಿಂದ. ಹೂಡಿಕೆದಾರರಿಗೆ ತಿಳಿವಳಿಕೆ ಸಭೆ ಮಾಡಿ ಎಂದು ಮೇಲಿನವರು ಅವರ ಬೆನ್ನು ಹತ್ತಿದ್ದರು, ಅವರು ನನ್ನ ಬೆನ್ನು ಹತ್ತಿದ್ದರು. ನಾನು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಈಗ ನಾನಾಗೇ ಅವರ ಕೋಣೆಗೆ ಹೋಗಿ, "ಕೆಂಗೇರಿಯಲ್ಲಿ ಮಾಡೋಣ ಸಾರ್, ವಿಷಯ ಸ್ಪ್ಲಿಟ್, ನಾನೇ ಮಾತಾಡ್ತೀನಿ" ಎಂದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು.

ಕೆಂಗೇರಿ ಉಪನಗರದ ಒಂದು ಛತ್ರ ಗೊತ್ತು ಮಾಡಿದೆವು. ಕೇಸರಿಬಾತು, ಉದ್ದಿನವಡೆ ಇದೆ ಎಂದು ಸುದ್ದಿ ಹಬ್ಬಿದ್ದರಿಂದ ಹೂಡಿಕೆ ಮಾಡದವರೂ ಬಂದಿದ್ದರು. ಶ್ರೀಧರ್ ಸಾರ್ ಮೊದಲು ಮಾತಾಡಿದರು, ಜನ ಗಾಳಿ ಬೀಸಿಕೊಂಡರು. ಆಮೇಲೆ ನಾನು. ಮುಂದಿನ ಸಾಲಿನಲ್ಲೇ ಹನುಮಂತೇಗೌಡರು ಬಿಳಿ ಅಂಗಿ ಪಂಚೆಯಲ್ಲಿ ಕೂತಿದ್ದರು. ಅವರನ್ನು ಬಿಟ್ಟು ಉಳಿದೆಲ್ಲರ ಮುಖ ನೋಡುತ್ತಾ ಕರೆಂಟ್ ಕಂಪನಿಯ ಷೇರು ಐದಾದದ್ದನ್ನು ಹೇಳಿದೆ.

ನಡುವೆ ಅವರೇ ಕೈಯೆತ್ತಿದರು. "ಮೇಡಂ, ಕುರಿ ಮರಿ ಹಾಕ್ದಂಗೆ ಅಲ್ವಾ ಇದು? ಯಾರ್ ಸಾಕ್ತಾ ಇರ್ತಾರೋ ಅವ್ರ್ ದೊಡ್ಡೀಲಿ ಮರಿ ಬೀಳುತ್ತೆ. ನನ್ ಹೆಸರಲ್ಲಿತ್ತು, ನನಗೆ ಬಂತು."

"ಅಲ್ಲ ಗೌಡ್ರೆ. ಪೋಡಿ ಮಾಡಿಸ್ತೀರಲ್ಲ, ಹಂಗೆ. ಒಂದು ಸರ್ವೆ ನಂಬರ್ ಪೋಡಿ ಆಗಿ ಐದು ನಂಬರ್ ಆಯ್ತು ಅನ್ನಿ. ಜಮೀನು ಒಂದು ಗುಂಟೆನಾದ್ರೂ ಬೆಳೀತಾ?"

"ಎಲ್ಲಿ ಬೆಳೆಯುತ್ತೆ. ಅದೇ ಜಮೀನು, ನಂಬರ್ ಬೇರೆ."

"ಇದೂ ಅಷ್ಟೇ."

ಸಭೆ ನಕ್ಕಿತು. ಅವರೂ ನಗಲು ಹೊರಟವರು ಅರ್ಧದಲ್ಲೇ ನಿಲ್ಲಿಸಿದರು. ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲೆ ಹಾಕಿಕೊಂಡು, ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. ಎಲ್ಲರೂ ವಡೆಗೆ ಎದ್ದಾಗ ಅವರು ಏನೂ ಮುಟ್ಟದೆ ಹೊರಟುಹೋದರು. ಪೋಡಿಯಾಗುವ ಮೊದಲಿನ ಒಂದು ನಂಬರು ಮಗಳಿಗೆ ಎಂದು ಹಿರಿಯರ ಮುಂದೆ ಹೇಳಿದ್ದರೆ, ಪೋಡಿಯಾದ ಮೇಲೆ ಅದರ ಒಂದು ಚೂರು ಕೊಟ್ಟು ಕೈತೊಳೆದುಕೊಂಡವನನ್ನು ಆ ಊರಿನಲ್ಲಿ ಏನೆನ್ನುತ್ತಾರೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾರನೆಯ ದಿನ ಕಚೇರಿಯ ಬಾಗಿಲು ತೆರೆಯುವಾಗಲೇ ಮೆಟ್ಟಿಲ ಮೇಲೆ ಕೂತಿದ್ದರು.

"ನಾನೂರು ಇನ್ನೂ ಕೊಡೋದಿದೆ ಮೇಡಂ, ನನ್ ತಂಗಿಗೆ."

ವರ್ಗಾವಣೆಯ ಸ್ಲಿಪ್ಪು ತೆಗೆದು ಮುಂದಿಟ್ಟೆ. ಅವರು ಪೆನ್ನು ಹಿಡಿದು ಹಾಗೇ ಕೂತರು. "ಅವಳಿಗೆ ಇದು ಗೊತ್ತಾ?" ಎಂದರು.

ನಾನು ಮಾತಿನಮಲ್ಲಿ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಅಂದು ತುಟಿ ಹೊಲಿದುಕೊಂಡು ಕೂತೆ. ಅದೇ ತಪ್ಪಾಯಿತೋ ಏನೋ, ಅವರು ನನ್ನ ಮುಖ ನೋಡಿ ತಿಳಿದುಕೊಂಡರು.

"ಗೊತ್ತು. ಗೊತ್ತಿದ್ದೂ ಸುಮ್ನಿದಾಳೆ." ಪೆನ್ನನ್ನು ಕೆಳಗಿಟ್ಟರು. "ಷೇರ್ ಹಾಳಾಗೋಗ್ಲಿ ಮೇಡಂ. ನನ್ನ ಕೇಳೋಕೆ ಹೆದರಿದ್ಲಲ್ಲ. ಇವಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಸ್ಕೂಲಿಗೆ ಬಿಟ್ಟು ಬರ್ತಿದ್ದೋನು ನಾನು. ಬಟಾಣಿ ಬೇಕು ಅಂದ್ರೆ ಕೇಳ್ತಾನೇ ಇರ್ಲಿಲ್ಲ, ಸೀದಾ ನನ್ ಜೇಬಿಗೆ ಕೈ ಹಾಕೋಳು."

"ಈಗ ಸಹಿ ಹಾಕಿ ಗೌಡ್ರೆ, ಸರಿಹೋಗುತ್ತೆ."

"ಹಾಕಲ್ಲ. ನಾನಾಗೇ ಹಾಕಿದ್ರೆ ಏನೋ ದಾನ ಕೊಟ್ಟಂಗಿರುತ್ತೆ. ಅವಳು ಬಂದು ಕೇಳ್ಬೇಕು. ಬೈದು ಕೇಳ್ಬೇಕು."

ಕೇಳಿದರೆ ಅರಿಶಿನ ಕುಂಕುಮ ಆಗುವುದಿಲ್ಲ ಎಂದು ತಂಗಿ. ಕೇಳದಿದ್ದರೆ ತಂಗಿಯೇ ಅಲ್ಲ ಎಂದು ಅಣ್ಣ. ಇಂಥವರ ನಡುವೆ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ನಮ್ಮ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಅವರು ನನ್ನ ಮೇಜಿನಿಂದಲೇ ಫೋನ್ ಮಾಡಿದರು. "ಸರೋಜ, ಮಿಷನ್ ನಿಲ್ಸು. ಆಟೋ ಹತ್ಕೊಂಡು ರಾಜಾಜಿನಗರದ ಷೇರ್ ಆಫೀಸಿಗೆ ಬಾ. ಯಾಕೆ ಅಂತ ಕೇಳ್ಬೇಡ."

ಅವಳು ಬಂದಾಗ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅಣ್ಣನನ್ನು ಕಂಡು ಬಾಗಿಲಲ್ಲೇ ನಿಂತಳು. ನನ್ನ ಕಡೆ ನೋಡಿದ ನೋಟದಲ್ಲಿ, ಹೇಳಿಬಿಟ್ಟಿರಾ, ಎಂಬ ಪ್ರಶ್ನೆಯಿತ್ತು. ನಾನು ಇಲ್ಲವೆಂದು ತಲೆಯಾಡಿಸಿದೆ. ನಂಬಿದಳೋ ಇಲ್ಲವೋ.

"ಏನು ಬೇಕು ನಿಂಗೆ, ಹೇಳು" ಎಂದರು ಗೌಡರು.

"ಏನೂ ಬೇಡ ಅಣ್ಣ."

"ಬೇಡದ್ದು ಯಾರ್ ಕೇಳಿದ್ರು? ಬೇಕಾಗಿರೋದು ಹೇಳು."

"ಅಪ್ಪ ನೂರು ಅಂದಿದ್ರು, ನೀನು ನೂರು ಕೊಟ್ಟಿದೀಯ. ಬಿಡು ಅದನ್ನ."

"ಅಪ್ಪ ಹೇಳಿದ್ದು ಪೋಡಿ ಆಗೋ ಮುಂಚಿನ ನೂರು. ನಂಗೆ ಗೊತ್ತಾಯ್ತು, ನಿಂಗೆ ನನಗಿಂತ ಮುಂಚೆ ಗೊತ್ತಾಯ್ತು." ಗೌಡರ ದನಿ ಕಡಿಮೆಯಾಯಿತು. "ಕೇಳಿದ್ರೆ ಇವನು ಹಬ್ಬಕ್ಕೆ ಬರೋದ್ ಬಿಟ್ಬಿಡ್ತಾನೆ ಅಂದ್ಕೊಂಡ್ಯೇನೇ?"

ಅವಳು ಟೇಪಿನ ತುದಿಯನ್ನು ಸುತ್ತುತ್ತಾ ನಿಂತಳು. ಕಚೇರಿಯ ಹುಡುಗರೆಲ್ಲ ಕಂಪ್ಯೂಟರಿಗೆ ಕಣ್ಣು ನೆಟ್ಟುಕೊಂಡು ಕಿವಿಯನ್ನು ಇತ್ತ ಕೊಟ್ಟಿದ್ದರು. ಪೇಟೆ ಏರಿತೋ ಇಳಿಯಿತೋ, ಆ ಐದು ನಿಮಿಷ ಯಾರೂ ನೋಡಲಿಲ್ಲ. ಶ್ರೀಧರ್ ಸಾರ್ ಕೋಣೆಯಿಂದ ಹೊರಬಂದವರು ಏನೂ ಕೇಳದೆ ನೀರಿನ ಫಿಲ್ಟರಿನ ಹತ್ತಿರ ನಿಂತುಬಿಟ್ಟರು.

"ಕೊಡು" ಎಂದಳು, ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ.

"ಕೇಳಿಸ್ಲಿಲ್ಲ."

"ನನ್ನ ನಾನೂರು ಕೊಡೋ ಅಂದೆ. ಕಿವಿ ಕೇಳಿಸಲ್ವಾ? ನಮ್ಮಪ್ಪ ನಂಗ್ ಕೊಟ್ಟಿದ್ದು, ಕೊಡೋ." ಹೇಳುತ್ತಲೇ ಅವಳಿಗೆ ಅಳು ಬಂತು. ನನಗೂ ಬಂತು, ಸುಳ್ಳು ಯಾಕೆ ಹೇಳಲಿ.

ಗೌಡರು ಸ್ಲಿಪ್ಪನ್ನು ಎಳೆದುಕೊಂಡು ಸಹಿ ಹಾಕಿದರು. ಇಬ್ಬರೂ ಮೆಟ್ಟಿಲಿಳಿದು ಹೋಗುವಾಗ, ನೀನು ಯಾಕೆ ಮುಂಚೆ ಬಾಯಿ ಬಿಡಲಿಲ್ಲ ಎಂದು ಅಣ್ಣ, ನೀನು ಯಾಕೆ ಯೋಚನೆ ಮಾಡಲಿಲ್ಲ ಎಂದು ತಂಗಿ ಜಗಳವಾಡುತ್ತಿದ್ದುದು ಮೇಲಿನವರೆಗೂ ಕೇಳಿಸುತ್ತಿತ್ತು.

ಸಂಜೆ ಸಹಿ ಪರಿಶೀಲಿಸುವವರಿಂದ ಆ ಸ್ಲಿಪ್ಪು ವಾಪಸು ಬಂತು. ಗೌಡರು ತಂಗಿಯ ಮುಖ ನೋಡುತ್ತಲೇ ಗೀಚಿದ್ದ ಸಹಿ ನಮ್ಮ ಹತ್ತಿರವಿದ್ದ ಮಾದರಿಗೆ ಹೊಂದಿರಲಿಲ್ಲ. ಎಲ್ಲ ಮತ್ತೆ ಮೊದಲಿನಿಂದ. ತಲೆ ಚಚ್ಚಿಕೊಂಡು ಗೌಡರ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಸರೋಜಮ್ಮ. ಸಹಿ ಹೊಂದಿಲ್ಲ, ಅಣ್ಣ ಇನ್ನೊಮ್ಮೆ ಬರಬೇಕು ಎಂದೆ.

"ಅಣ್ಣ ಊಟಕ್ಕೆ ಕೂತಿದಾನೆ ಮೇಡಂ, ನಮ್ಮನೇಲಿ" ಎಂದಳು. "ಸಹಿ ತಾನೆ? ಬಿಡಿ, ನಿಧಾನಕ್ಕೆ ಬರ್ತೀವಿ."